ಕಟ್ಟೆ ಎತ್ತಿದ ಹೆಂಗಸರು

ಸಿಂದಗಿ
15 ನವೆಂಬರ್ 1976

ಚಿ. ನೀಲಾಂಬಿಕಾಗೆ ಅವ್ವನ ಆಶೀರ್ವಾದಗಳು.

ಈ ದೀಪಾವಳಿಗೂ ಊರಿಗೆ ಬರುವುದಿಲ್ಲ ಎಂದು ನೀನು ಧಾರವಾಡದಿಂದ ಬರೆದ ಕಾರ್ಡಿಗೆ ಉತ್ತರಿಸಲು ತಿಂಗಳು ಹಿಡಿಯಿತು. ಸಿಟ್ಟಾಗಬೇಡ. ಮೋರಟಗಿಯ ಮಹಿಳಾ ಮಂಡಳದವರಿಗೆ ಕುಣಿತದ ಶಿಬಿರ ನಡೆಸುತ್ತಿದ್ದೇನೆ. ದಿನಾ ಹೈಸ್ಕೂಲು ಬಿಟ್ಟ ಕೂಡಲೇ ಬಸ್ಸಿಗೆ ಓಡುವುದು. ಇಂದು ಅಲ್ಲಿ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ!

ಮೊದಲ ವಾರ ತಪ್ಪು ನನ್ನದೇ. ಪುಣೆಯ ಕಾನ್ವೆಂಟಿನಲ್ಲಿ ಕಲಿತದ್ದನ್ನೇ ಹೇಳಿಕೊಟ್ಟೆ: ಹೂವಾಗಿ ಅರಳಿ, ಹಕ್ಕಿಯಾಗಿ ಹಾರಿ. ಹದಿನಾಲ್ಕು ಹೆಂಗಸರು ಕೈಕಟ್ಟಿ ನಿಂತರು. ಕುರಿ ಕಾಯುವ ತಿಪ್ಪವ್ವ ಅಂದಳು, "ಅಕ್ಕಾರ, ಜ್ವಾಳದ ಹೊಲದಾಗ ಹಕ್ಕಿ ಓಡ್ಸೋರು ನಾವು. ನಮಗ ಹಕ್ಕಿ ಆಗು ಅಂತೀರಲ್ರಿ!"

ಇಂದು ಬೇರೆ ಹೇಳಿದೆ. ಕಣ್ಣು ಮುಚ್ಚಿ, ಇಲ್ಲದ ಕೊಡವನ್ನು ತಲೆಯ ಮೇಲಿಟ್ಟು, ಬಾವಿಯಿಂದ ಮನೆಗೆ ಹೊರಟಂತೆ ನಡೆಯಿರಿ. ಶಿಬಿರ ನಡೆಯುವ ಶಾಲೆಯ ಕೋಣೆ ಖಾಲಿ. ಒಬ್ಬೊಬ್ಬರಾಗಿ ನಡೆದರು. ಅರ್ಧ ದಾಟುವಷ್ಟರಲ್ಲಿ ಪ್ರತಿಯೊಬ್ಬಳೂ ಸೆರಗನ್ನು ಹಣೆಗಿಳಿಸಿ, ಮುಖ ಆಚೆ ತಿರುಗಿಸಿ, ಬಿರಬಿರನೆ ಹೆಜ್ಜೆ ಹಾಕಿದಳು!

"ಅಲ್ಲೇನಿದೆ?" ಎಂದು ಕೇಳಿದೆ.

"ಚಾವಡಿ ಕಟ್ಟಿ ಐತಲ್ರಿ," ಎಂದಳು ರೇವವ್ವ, ಕಣ್ಣು ತೆರೆಯದೆ. "ಹಿರ್ಯಾರು ಕುಂತಾರ."

"ಇಲ್ಲಿ ಯಾರೂ ಇಲ್ಲವಲ್ಲ?"

"ಕೊಡ ಕಾಣತೈತಿ ಅಂದ ಮ್ಯಾಲ ಕಟ್ಟಿನೂ ಕಾಣತೈತ್ರಿ."

ತಿಪ್ಪವ್ವ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾದ್ರ ಅದನ್ನ ಎತ್ತಿ ಹೊರಗಿಡೂಣು, ಬರ್ರೆವ್ವಾ!"

ಹದಿನಾಲ್ಕು ಜನ ಬಗ್ಗಿ, ಬರಿಗಾಳಿಯನ್ನು ಬಿಗಿಯಾಗಿ ಹಿಡಿದು ಎತ್ತಿದರು. ತೋಳು ನಡುಗಿದವು. "ಹಗೂರ್ಕ ಹಿಡೀರಿ, ಗೌಡ್ರು ಇನ್ನಾ ಮ್ಯಾಲ ಕುಂತಾರ!" ಎಂದು ರೇವವ್ವ ಕೂಗಿದಳು. ಬಾಗಿಲಲ್ಲಿ ಕಟ್ಟೆ ಹಿಡಿಸಲಿಲ್ಲವಂತೆ, ಓರೆ ಮಾಡಿ ಹೊರಗೆ ಒಯ್ದು ಬೇವಿನ ಗಿಡದ ಕೆಳಗೆ ಇಟ್ಟರು. ತಿರುಗಿ ಬಂದು ಮತ್ತೆ ಕೊಡ ಹೊತ್ತಾಗ ಒಂದು ಕೈಯೂ ಸೆರಗಿಗೆ ಹೋಗಲಿಲ್ಲ. ಆ ನಡಿಗೆ ಯಾವಾಗ ಕುಣಿತವಾಯಿತೋ ತಿಳಿಯಲಿಲ್ಲ. ನಾನು ಕಲಿಸಿದ್ದು ಅದರಲ್ಲಿ ಏನೂ ಇರಲಿಲ್ಲ, ನೀಲಾ. ನಾನೂ ಅವರ ಹಿಂದೆ ಕುಣಿದೆ!

ಬರುವ ರವಿವಾರ ಸಂಜೆ, ನಿಜವಾದ ಕಟ್ಟೆಯ ಮುಂದೆಯೇ ಮಾಡುತ್ತಾರಂತೆ. ಗೌಡರು ಎದ್ದು ಹೋಗಬಹುದು. "ಹೋದ್ರ ಜಾಗಾ ಆಕೈತಿ," ಎಂದಳು ತಿಪ್ಪವ್ವ. ನೀನು ಬರಬೇಕು. ವಿಜಾಪುರದಲ್ಲಿ ಬಸ್ಸು ಬದಲಿಸಿದರೆ ಆಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ
ಅವ್ವ

ತಾ.ಕ.: ಆಗ ನಿನಗೆ ಒಂಬತ್ತು ವರ್ಷ. ನೀನು ಅಂಗಳದಲ್ಲಿ ಕುಣಿಯುತ್ತಿದ್ದೆ. ಅಜ್ಜ ಒಳಗೆ ಬಂದರು. ಅವರು ಏನೂ ಅನ್ನಲಿಲ್ಲ. ನಿನ್ನತ್ತ ಕಣ್ಣು ಬಿಟ್ಟು ಗದರಿಸಿದವಳು ನಾನು. ನೀನು ನಿಂತುಬಿಟ್ಟೆ. ಹಾಸ್ಟೆಲಿನಲ್ಲಿ ನೀನು ಬಹಳ ಚೆನ್ನಾಗಿ ಕುಣಿಯುತ್ತೀಯಂತೆ, ನಾನು ಬಂದ ಸುದ್ದಿ ಮುಟ್ಟಿದರೆ ಮಾತ್ರ ನಿಲ್ಲಿಸುತ್ತೀಯಂತೆ. ನಿನ್ನ ಗೆಳತಿ ಕಾಶಿಬಾಯಿ ಹೇಳಿದಳು, ಅವಳನ್ನು ಬಯ್ಯಬೇಡ. ರವಿವಾರ ಆ ಹೆಂಗಸರ ಜೊತೆ ನಿನಗೂ ಕುಣಿಯಬೇಕೆನಿಸಿದರೆ, ನಾನು ಬೆನ್ನು ತಿರುಗಿಸಿ ಕೂಡುತ್ತೇನೆ. ನೀನು "ನೋಡು" ಎಂದು ಹೇಳುವ ತನಕ.