ಉಳಿದ ಮಾತ್ರೆಗಳು

ಮಾರ್ಚ್ ೧೮, ಮಂಗಳವಾರ

ಅತ್ತೆಯ ಬಿಪಿ ಮಾತ್ರೆ ಈ ಸಲ ಇಷ್ಟು ದಿನ ಬಂದದ್ದು ಹೇಗೆ ಅಂತ ಇವತ್ತು ಗೊತ್ತಾಯಿತು. ಹೋದ ವಾರ ಇದೇ ಪುಸ್ತಕದಲ್ಲಿ 'ಸದ್ಯ, ಒಂದು ಖರ್ಚು ಮುಂದಕ್ಕೆ ಹೋಯಿತು' ಎಂದು ಬರೆದುಕೊಂಡು ಹಿಗ್ಗಿದ್ದೆ. ಆ ದುಡ್ಡಲ್ಲಿ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ಟೂ ತಂದೆ. ಥೂ, ನನ್ನ ಜಾಣತನಕ್ಕಿಷ್ಟು!

ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದರು. ಕರೆತಂದು ಮಲಗಿಸಿ ದಿಂಬು ಸರಿಮಾಡಿದರೆ ಅದರ ಕೆಳಗೆ ಕಾಗದದ ಪೊಟ್ಟಣ. ಒಳಗೆ ಒಂದು ಬ್ಲೇಡು, ಅರ್ಧರ್ಧ ಕತ್ತರಿಸಿದ ಮಾತ್ರೆಗಳು.

"ಏನತ್ತೆ ಇದು?"

"ಬೈಬೇಡ ಕಣೇ. ನೀನು ಸವೆದ ಸೋಪನ್ನ ಹೊಸ ಸೋಪಿಗೆ ಅಂಟಿಸ್ತೀಯ. ನಾನು ಇಷ್ಟಾದ್ರೂ ಮಾಡಬಾರ್ದಾ?"

ಅಳು ಬಂತು, ಸಿಟ್ಟೂ ಬಂತು. ಇವತ್ತಿಂದ ಇಡೀ ಮಾತ್ರೆ ನುಂಗಬೇಕು ಅಂತ ಜೋರು ಮಾಡಿದೆ.

"ಆಗಲಿ. ಆದ್ರೆ ಶುಕ್ರವಾರಕ್ಕೇ ಮುಗಿದುಹೋಗುತ್ತೆ. ನಿನ್ನ ಸಂಬಳ ಒಂದನೇ ತಾರೀಖಿಗೆ ತಾನೇ?"

ಮುಗಿದರೆ ತರೋಣ ಬಿಡಿ ಅನ್ನಬೇಕಿತ್ತು. ಬೆರಳು ಮಡಚಿ ಒಂದನೇ ತಾರೀಖಿಗೆ ಇನ್ನೆಷ್ಟು ದಿನ ಅಂತ ಎಣಿಸಿದೆ. ಅವರು ನನ್ನ ಮುಖ ನೋಡಿ, ಪೊಟ್ಟಣ ಮಡಚಿ ಮತ್ತೆ ದಿಂಬಿನ ಕೆಳಗಿಟ್ಟುಕೊಂಡರು. ನಾನು ಕಾಣದವಳ ಹಾಗೆ ಬುತ್ತಿ ಎತ್ತಿಕೊಂಡು ಕೆಲಸಕ್ಕೆ ಹೊರಟೆ.

ಈಗ ಪಕ್ಕದ ಕೋಣೆಯಲ್ಲಿ ನೀರಿನ ಲೋಟದ ಸದ್ದಾಯಿತು. ಇಡೀ ನುಂಗಿದರೋ ಅರ್ಧವೋ, ಎದ್ದು ಹೋಗಿ ಕೇಳಬಹುದು. ಅರ್ಧ ಅಂದುಬಿಟ್ಟರೆ ನನಗೆ ಸಮಾಧಾನವಾದೀತು ಅನ್ನೋದೇ ಭಯ.