ಎರಡನೆಯ ಒಪ್ಪಿಗೆ

ಗಾನಾ,

ನಾವಿಬ್ಬರೂ ಸೇರಿ ಮಾಡಿದ ಮಳೆ ಲೆಕ್ಕದ ಆ್ಯಪ್‌ನಲ್ಲಿ ಇವತ್ತು ಒಂದು ತೂತು ಸಿಕ್ಕಿತು. ಬಣಕಲ್‌ನಿಂದ ಕಳಸದವರೆಗೆ ಮಳೆ ಬರೆದು ಹಾಕುವ ಬೆಳೆಗಾರರೆಲ್ಲರ ಫೋನ್ ನಂಬರ್, ಮನೆ ಇರುವ ಜಾಗ ಯಾರು ಬೇಕಾದರೂ ನೋಡಬಹುದಿತ್ತು. ಎಲ್ಲರೂ ಓದಲೆಂದು ನಾವು ಬಿಚ್ಚಿಟ್ಟ ಕೋಡನ್ನು ಓದುತ್ತಿದ್ದ ಪೋರ್ಚುಗಲ್‌ನವನೊಬ್ಬ ಅದನ್ನು ಕಂಡು ಗುಟ್ಟಾಗಿ ನನಗೆ ತಿಳಿಸಿದ.

ಬೆಳೆಗಾರರನ್ನು ಇದಕ್ಕೆ ಸೇರಿಸಿದ್ದ ಸುಬ್ಬಣ್ಣನವರಿಗೆ ಹೇಳಿದೆ.

“ಧರ್ಮಕ್ಕೆ ಸಿಕ್ಕಿದ್ದು ಅಂದ್ರೆ ಹೀಗೇ ನೋಡು ಮಾರಾಯ್ತಿ, ಬಾಗಿಲಿಗೆ ಚಿಲಕವೇ ಇಲ್ಲ” ಎಂದರು.

“ದುಡ್ಡು ಕೊಟ್ಟು ತಗೊಂಡಿದ್ರೆ ಚಿಲಕ ಇಲ್ಲ ಅಂತ ಹೇಳೋರೂ ಇರ್ತಿರ್ಲಿಲ್ಲ ಸುಬ್ಬಣ್ಣೋರೇ. ಇದು ಇವತ್ತೇ ಸರಿಯಾಗ್ತದೆ” ಎಂದೆ. ನನ್ನ ಭಾಷಣ ನಿನಗೆ ಗೊತ್ತಲ್ಲ.

ಮಧ್ಯಾಹ್ನದೊಳಗೆ ಆ ಪೋರ್ಚುಗಲ್‌ನವನೂ ಪೋಲೆಂಡಿನ ಒಬ್ಬಳೂ ಸೇರಿ ತೂತು ಮುಚ್ಚುವ ಕೋಡಿನ ತೇಪೆ ಬರೆದು ಕಳಿಸಿದರು. ಇಬ್ಬರೂ ನಮ್ಮೂರಿನ ಹೆಸರು ಕೇಳಿದವರಲ್ಲ. ಆದರೆ ತೇಪೆ ಆ್ಯಪ್‌ನೊಳಗೆ ಹೋಗಲಿಲ್ಲ. ಯಾರೇ ಬರೆದರೂ ನಾವಿಬ್ಬರೂ ಓದಿ ಒಪ್ಪಬೇಕೆಂದು ಶುರುವಿನಲ್ಲಿ ನಾನೇ ಹಟ ಹಿಡಿದು ನಿಯಮ ಇಟ್ಟಿದ್ದೆ. ನನ್ನ ಒಪ್ಪಿಗೆ ಒತ್ತಿದೆ. ನಿನ್ನ ತಿಥಿ ಮುಗಿದ ಮೇಲೂ ನಾನು ತೆಗೆಯದೆ ಉಳಿಸಿದ್ದ ನಿನ್ನ ಹೆಸರಿನ ಮುಂದೆ ‘ಒಪ್ಪಿಗೆ ಬಾಕಿ’ ಎಂದೇ ಇತ್ತು.

ಹಳೇ ಅಭ್ಯಾಸದಂತೆ ನಿನಗೆ ಫೋನ್ ಮಾಡಲೆಂದು ಮೊಬೈಲ್ ತೆಗೆದು ನಿನ್ನ ನಂಬರಿನವರೆಗೂ ಹೋದೆ. ಅಷ್ಟರಲ್ಲಿ ಸುಬ್ಬಣ್ಣನವರದೇ ಕರೆ ಬಂತು.

“ಆಯ್ತಾ?”

“ಈಗ ಆಗ್ತದೆ.”

ಒಪ್ಪಿಗೆ ಕೊಡುವವರ ಪಟ್ಟಿಯಿಂದ ನಿನ್ನ ಹೆಸರು ತೆಗೆಯಲು ಹೋದೆ. ‘ಖಂಡಿತವೇ?’ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ. ತೇಪೆ ಒಳಗೆ ಹೋಗಿ ತೂತು ಮುಚ್ಚಿತು.

‘ನಿಮ್ಮ ತಂಡ ಬಹಳ ಚುರುಕು, ಎಲ್ಲರಿಗೂ ನನ್ನ ವಂದನೆ ತಿಳಿಸಿ’ ಎಂದು ಪೋಲೆಂಡಿನವಳು ಬರೆದಿದ್ದಾಳೆ. ಅವಳಿಗೆ ಇನ್ನೂ ಉತ್ತರ ಬರೆದಿಲ್ಲ.

ಧನ್ಯಾ