ಬಂಗು

ಮಾರ್ಚ್ 3, ಸೋಮವಾರ
ಶುಂಠಿ ಕೀಳುವವರಿಗೆ ಊಟ ಕೊಟ್ಟು ಬಂದು ಮುಖ ತೊಳೆದೆ. ಕೆನ್ನೆಯ ಕಪ್ಪು ಹೋಗಲಿಲ್ಲ. ಸೋಪು ಹಾಕಿ ಉಜ್ಜಿದೆ, ಊಹೂಂ. ಮೇಲ್ದುಟಿಯ ಮೇಲೂ ಒಂದಿಷ್ಟು — ಮೀಸೆ ಬಂದ ಹಾಗೆ. ಅದೊಂದು ಬಾಕಿಯಿತ್ತು.

ಮಾರ್ಚ್ 9
ಅತ್ತೆ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದರು. "ಬಂಗು ಕಣೆ. ಪುಟ್ಟಿ ಹೊಟ್ಟೇಲಿದ್ದಾಗ್ಲೂ ಹಿಂಗೇ ಬಂದಿತ್ತು ನಿಂಗೆ." ಆಮೇಲೆ ಕೊಡ ಎತ್ತಲು ಬಿಡಲಿಲ್ಲ. ಸಂಜೆ ಇವರು ಅಂಗಡಿಯಿಂದ ಬರುವಾಗ ಮೈಸೂರುಪಾಕ್ ತಂದರು. ತಿಂದೆ. ಏನು ಹೇಳಲಿ?

ಬಸಿರಿಲ್ಲ. ಆಗುವುದೂ ಬೇಡ. ಆಶಾ ಕಾರ್ಯಕರ್ತೆ ರಾಮಮ್ಮ ಗುಟ್ಟಾಗಿ ತಂದುಕೊಡುವ ಮಾತ್ರೆ ರಾಗಿಹಿಟ್ಟಿನ ಡಬ್ಬಿಯೊಳಗಿದೆ. ಪುಟ್ಟಿಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವವಳಿದ್ದೆ. ಈ ಮನೆಗೆ ನೆನಪಿರುವುದು ಹುಟ್ಟಿದ್ದು ಹೆಣ್ಣು ಅನ್ನುವುದಷ್ಟೇ. ನನಗೆ ಭಯ.

ಮಾರ್ಚ್ 17
ಮುಟ್ಟಾದೆ. ಮೈಸೂರುಪಾಕಿನ ಮರ್ಯಾದೆ ಮುಗಿಯಿತು. ಬಸಿರಲ್ಲದಿದ್ದರೆ ಬಂಗು ಯಾಕೆ — ಅತ್ತೆಗೆ ಈಗ ಅದೇ ಯೋಚನೆ. ಬಿಸಿಲಿಗೆ ಎಂದೆ.
"ನಮ್ಗೇನ್ ಬೇರೆ ಬಿಸ್ಲು ಐತಾ?"
ಬುಧವಾರ ಹಾಸನಕ್ಕೆ, ಚರ್ಮದ ಡಾಕ್ಟರ ಹತ್ತಿರ. ಅತ್ತೆಯೂ ಬರುತ್ತಾರಂತೆ.

ಮಾರ್ಚ್ 19, ಸಂಜೆ
ಡಾಕ್ಟರಮ್ಮ ಲೈಟ್ ಆರಿಸಿ ನೇರಳೆ ಬೆಳಕು ಬಿಟ್ಟು ನೋಡಿದರು. ಕನ್ನಡಿಯಲ್ಲಿ ಕಪ್ಪು ಇನ್ನೂ ಕಪ್ಪಾಗಿ ಕಂಡಿತು. ಮೆಲಾಸ್ಮಾ, ಅಪಾಯವಿಲ್ಲ, ಬಿಸಿಲಿಗೂ ಬರುತ್ತದೆ ಎಂದರು. ಉಸಿರು ಬಂತು. ಅಷ್ಟರಲ್ಲಿ ಕೇಳಿಬಿಟ್ಟರು, ಏನಾದರೂ ಮಾತ್ರೆ ತಗೊಳ್ತಿದ್ದೀರಾ?
ಉತ್ತರ ಅತ್ತೆಯೇ ಕೊಟ್ಟರು. "ಇಲ್ಲ ಕಣಮ್ಮ. ಇವ್ಳು ಯಾವ ಮಾತ್ರೆನೂ ನುಂಗಲ್ಲ."
ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿದರು. ಅತ್ತೆಗೆ ಸ್ವಲ್ಪ ಹೊರಗಿರಿ ಎಂದರು. ಅತ್ತೆ ಏಳಲಿಲ್ಲ. ಮುಲಾಮು ಬರೆದುಕೊಟ್ಟು, ಕೆಲವು ಮಾತ್ರೆಯಿಂದಲೂ ಬರುತ್ತೆ, ಅದನ್ನು ನಿಲ್ಲಿಸದಿದ್ದರೆ ಈ ಕಪ್ಪು ಹೋಗುವುದು ಕಷ್ಟ ಎಂದರು. ಅತ್ತೆಯ ಎದುರೇ ಹೂಂ ಎಂದು ತಲೆಯಾಡಿಸಿದೆ.
ಆಡಿಸಬಾರದಿತ್ತು.

ಏಪ್ರಿಲ್ 21, ಬೆಳಿಗ್ಗೆ 11
ದಿನಾ ಅದೇ ಬಾಗಿಲು, ಅದೇ ಬೆಳಕು, ಗಲ್ಲಕ್ಕೆ ಅದೇ ಬೆರಳು. ಮಾತ್ರೆ ಬಿಟ್ಟರೆ ಬಸಿರು. ಬಿಡದಿದ್ದರೆ ಮುಖವೇ ಚಾಡಿ ಹೇಳುತ್ತದೆ. ನನ್ನ ಮುಖ, ಅವರ ಕಡೆ ಸೇರಿಕೊಂಡಿದೆ.

ಇವತ್ತು ಅತ್ತೆ ಮೆತ್ತಗೆ ಕೇಳಿದರು, ಪುಟ್ಟಿಗೆ ಊಟವಾಯಿತಾ ಎಂದು ಕೇಳುವ ಹಾಗೆ. "ಆ ಮಾತ್ರೆ ನಿಲ್ಸಿದ್ಯೇನೆ?"
"ಹೂಂ ಅತ್ತೆ, ನಿಲ್ಸಿದೀನಿ."
ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.
ಅತ್ತೆ ಗಲ್ಲ ಬಿಟ್ಟರು. ಜಗಲಿಯಲ್ಲಿ ಫೋನ್ ಮಾಡುತ್ತಿದ್ದಾರೆ. "ದಯ, ಅಂಗ್ಡಿ ಬಾಗ್ಲಾಕ್ಕಂಡು ಬಾ ಮಗ."

ಬೈಕ್ ಬಂತು. ಹೇಳಿಬಿಡುತ್ತೇನೆ. ನನಗೆ ಸಾಯಲು ಇಷ್ಟವಿಲ್ಲ, ಇನ್ನೊಂದು ಸಲ ಆ ಹೆರಿಗೆ ಮಂಚದ ಮೇಲೆ